ಇಪ್ಪತ್ತೆರಡು ವರ್ಷದ ಬೆನ್ನು

ನಮ್ಮ ಕೆಳಮನೆಯ ಮದಾಮ್ ಹ್ಯೂಗೆತ್ ಇಪ್ಪತ್ತೆರಡು ವರ್ಷದಿಂದ ಸಿನಿಮಾದಲ್ಲಿದ್ದಾರೆ. ಬೆನ್ನು ಮಾತ್ರ. ಫ್ರಾನ್ಸಿನ ನಮ್ಮ ಈ ದಿಯೆಪ್ ಬಂದರಿನಲ್ಲಿ ಯಾರೇ ಶೂಟಿಂಗ್ ಮಾಡಲಿ, ಹಿಂದೆ ತರಕಾರಿ ಬುಟ್ಟಿ ಹಿಡಿದು ನಡೆದುಹೋಗುವ ಹೆಂಗಸು ಇವರೇ. ಕ್ಯಾಮೆರಾ ಕಡೆ ನೋಡಬಾರದೆಂಬುದು ಅವರು ಬಿಡದೆ ಪಾಲಿಸಿದ ವ್ರತ. ಹಾಗಾಗಿ ಅವರ ಅಕ್ಕ ರೇಮೊಂದ್ ಒಂದು ದಿನವೂ ಇದನ್ನು ನಂಬಿದವರಲ್ಲ. "ಅಂಥ ಬೆನ್ನು ಊರಲ್ಲಿ ನೂರಿವೆ ಕಣೇ, ಸುಮ್ನಿರು," ಎನ್ನುತ್ತಾರೆ.

ಒಂದೇ ಒಂದು ಸಲ ಅಕ್ಕನಿಗೆ ಪರದೆಯ ಮೇಲೆ ಮುಖ ತೋರಿಸಬೇಕು. ಮದಾಮ್‌ಗೆ ಇದ್ದ ಆಸೆ ಅಷ್ಟೇ.

ಕಳೆದ ವಸಂತದಲ್ಲಿ ಪ್ಯಾರಿಸ್ಸಿನಿಂದ ತಿಬೋ ಎಂಬ ನಿರ್ದೇಶಕ ಬಂದ. ಅವನ ಸಿನಿಮಾ ಟ್ರಾಫಿಕ್ ದೀಪವನ್ನು ಮದುವೆಯಾಗುವ ಅಂಚೆಯವನ ಕಥೆ. ಅದರಲ್ಲಿ ಊರಿನ ಮೇಯರ್ ಒಂದು ಬಾತುಕೋಳಿ. ನಾಯಕ ಆಗಾಗ ಪ್ರೇಕ್ಷಕರತ್ತ ತಿರುಗಿ, "ಇವರೆಲ್ಲ ನಟಿಸ್ತಿದ್ದಾರೆ, ನಂಬಬೇಡಿ" ಅನ್ನುತ್ತಾನೆ. ಆಗ ಬೀದಿಯವರೆಲ್ಲ ಕ್ಯಾಮೆರಾ ನೋಡಬೇಕು. ಎಂಟು ತಿಂಗಳ ಮಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ನಾನೂ ಆ ಬೀದಿಯಲ್ಲಿದ್ದೆ.

ಎಲ್ಲರೂ ನೋಡಿದೆವು. ನನ್ನ ಕೂಸಂತೂ ಜೊಲ್ಲು ಸುರಿಸುತ್ತ ನೆಟ್ಟಗೆ ನೋಡಿತು. ಮದಾಮ್ ಕತ್ತು ಮಾತ್ರ ತಿರುಗಲಿಲ್ಲ. ಆರು ಸಲ ತೆಗೆದರು. ಆರು ಸಲವೂ ಬೆನ್ನೇ.

"ಮದಾಮ್, ದಯವಿಟ್ಟು ಇಲ್ಲಿ ನೋಡಿ!" ತಿಬೋ ಅಂಗಲಾಚಿದ.

"ನಾನು ಬೇಡ ಅಂದ್ನಾ? ನನ್ನ ಕತ್ತಿಗೆ ಹೇಳಪ್ಪ."

ಗಂಟೆ ಒಂದೂವರೆಯಾಯಿತು. ಶೂಟಿಂಗ್ ಊಟದಲ್ಲಿ ಮೊದಲ ಪಂಕ್ತಿ ನಟರದು, ತಂತ್ರಜ್ಞರದು. ನಮ್ಮಂಥ ಗುಂಪಿನವರು ಕೊನೆಗೆ. ಅವತ್ತು ಬಾತುಕೋಳಿಗೂ ಬಡಿಸಿ ಆಗಿತ್ತು. ತಿಬೋ ಮತ್ತೆ "ಇನ್ನೊಂದು ಟೇಕ್" ಎಂದ.

ಮದಾಮ್ ತಿರುಗಿದರು. ಬುಟ್ಟಿ ಕುಕ್ಕಿ, ಕ್ಯಾಮೆರಾದೊಳಕ್ಕೇ ಕಣ್ಣು ನೆಟ್ಟು, "ಅಲ್ರೀ, ಬಾತುಕೋಳಿದೂ ಊಟ ಆಯ್ತು, ನಮಗೆ ಯಾವಾಗ? ಈ ಬಾಣಂತಿ ಬೆಳಗ್ಗೆಯಿಂದ ನಿಂತಿದ್ದಾಳೆ. ಮಗುವಿಗೆ ಹಾಲು ನೀವು ಕುಡಿಸ್ತೀರಾ?" ಎಂದು ಗದರಿದರು.

ತಿಬೋ ಕುಣಿದಾಡಿಬಿಟ್ಟ. "ಅದ್ಭುತ! ಇದೇ ನನ್ನ ಸಿನಿಮಾ!" ಊಟ ಬಂದದ್ದು ಎರಡೂವರೆಗೆ, ಆರಿದ ಬಟಾಣಿ.

ಚಿತ್ರ ನಮ್ಮೂರಿಗೆ ಬಂದಾಗ ರೇಮೊಂದ್ ತಲೆಗೂದಲು ಸುರುಳಿ ಮಾಡಿಸಿಕೊಂಡೇ ಬಂದಿದ್ದರು. ಬೀದಿಯ ದೃಶ್ಯ ಬಂತು, ಹೋಯಿತು. ಬುಟ್ಟಿ ಹಿಡಿದ ಬೆನ್ನು ಬಂತು, ಮುಖ ಬರಲೇ ಇಲ್ಲ.

ಚಿತ್ರ ಮುಗಿದ ಮೇಲೆ, ಅದರ ಜೊತೆಗೇ ಬಂದಿದ್ದ ತಿಬೋ ಪರದೆಯ ಮುಂದೆ ನಿಂತು ನಮ್ಮ ಪ್ರಶ್ನೆಗಳಿಗೆ ಕಾದ. ಮದಾಮ್ ಎದ್ದರು. "ನನ್ನ ಮುಖ ಎಲ್ಲಪ್ಪ?"

"ಓ, ಊಟಕ್ಕೆ ಜಗಳ ತೆಗೆದ ಮದಾಮ್!" ತಿಬೋ ನಕ್ಕ. "ಕತ್ತರಿಸಬೇಕಾಯ್ತು. ಪ್ಯಾರಿಸ್ಸಿನಲ್ಲಿ ತೋರಿಸಿದ್ವಿ, ಅದೊಂದು ನಂಬೋ ಹಾಗಿಲ್ಲ ಅಂದ್ರು."

ಬಾತುಕೋಳಿಯನ್ನು ಮೇಯರ್ ಎಂದು ನಂಬಿದ ಜನ!

ಮದಾಮ್ ಕುಸಿದು ಕೂತರು. ರೇಮೊಂದ್ ತಂಗಿಯನ್ನೇ ದಿಟ್ಟಿಸಿದರು. "ಅಷ್ಟು ಜನರ ಮುಂದೆ ಊಟಕ್ಕೆ ಜಗಳ ತೆಗೆದ್ಯಾ?"

"ಹೂಂ."

"ಹಾಗಾದ್ರೆ ಆ ಬೆನ್ನು ನಿಂದೇ ಬಿಡು, ಇನ್ಯಾರದೂ ಅಲ್ಲ."