ಚಿಲಕವಿಲ್ಲದ ಬಚ್ಚಲು

ನಮ್ಮ ಗೋರೆಗಾಂವ್ ಫ್ಲ್ಯಾಟಿನ ಕಿಟಕಿಯಾಚೆ ಏಸಿಯ ಪೆಟ್ಟಿಗೆಯಿದೆಯಲ್ಲ, ಈ ಬೇಸಗೆಯಿಂದ ಅದರ ಮೇಲೆ ಒಂದು ಮಡಿವಾಳ ಹಕ್ಕಿ ಬಂದು ಕೂರುತ್ತಿದೆ. ಕಪ್ಪು ಕೋಟು, ಬಿಳಿ ಅಂಗಿ, ನೋಡಲು ಥೇಟು ವಕೀಲ. ಬೆಳಕು ಹರಿಯುವ ಮೊದಲೇ ಅದರ ವಾದ ಶುರು. ಮೊನ್ನೆ ನಾನು ಹಾಸಿಗೆಯಲ್ಲಿ ಎದ್ದು ಕೂತು, "ಆಹಾ, ಎಂಥ ಭಕ್ತಿ! ಸೂರ್ಯನನ್ನೇ ಕರೆಯುತ್ತಿದೆ" ಎಂದೆ. ಮಗಳು ಮೊಬೈಲು ಹಿಡಿದೇ ಪಕ್ಕದ ಕೋಣೆಯಿಂದ ಬಂದಳು.

"ಪಪ್ಪಾ, ಭಕ್ತಿ ವಕ್ತಿ ಕುಛ್ ನಹೀ. 'ಇದು ನನ್ನ ಏರಿಯಾ, ಯಾರೂ ಬರಬೇಡಿ' ಅಂತ ಹೇಳ್ತದೆ. ಮತ್ತೆ, ಅದಕ್ಕೆ ಹುಡುಗಿ ಬೇಕು. ಬಸ್."

"ನಿನ್ನ ಪಪ್ಪನಿಗೆ ಎರಡೂ ಸಿಕ್ಕಾಯಿತಲ್ಲ, ಅದಕ್ಕೇ ಬಾಯಿ ಬಿಡುವುದಿಲ್ಲ" ಎಂದಳು ಹೆಂಡತಿ ಅಡುಗೆಮನೆಯಿಂದ. "ಮನೆಯಲ್ಲಿ ಇದ್ದಾರೋ ಇಲ್ಲವೋ ಅಂತ ಚಪ್ಪಲಿ ನೋಡಿ ತಿಳಿಯಬೇಕು."

ನಾನು ನಕ್ಕೆ. ಮಗಳು ಈಗ ಓದಿ ಹೇಳಿದ್ದನ್ನು ನಾನು ಹುಡುಗನಾಗಿದ್ದಾಗ ಬೈಕುಲ್ಲಾದ ಸಾಲುಮನೆಗಳ ಚಾಳಿನಲ್ಲಿ, ಬಕೆಟ್ ಹಿಡಿದು ಸಾಲಿನಲ್ಲಿ ನಿಂತು ಕಲಿತಿದ್ದೆ. ಕಲಿತದ್ದು ಮರೆತು ಭಕ್ತಿ ಎಂದೆನಲ್ಲ, ವಯಸ್ಸಾಯಿತು.

ನಮ್ಮ ಮಾಳಿಗೆಯ ಅಷ್ಟೂ ಮನೆಗಳಿಗೆ ಮುಂದಿನ ಉದ್ದ ಗ್ಯಾಲರಿಯ ತುದಿಯಲ್ಲಿ ಒಂದೇ ಬಚ್ಚಲು. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಯಾವಾಗ ಕಿತ್ತುಹೋಯಿತೋ ಯಾರಿಗೂ ನೆನಪಿಲ್ಲ. ಮಾಲೀಕನನ್ನು ಕೇಳಿದರೆ "ಹೋ ಜಾಯೇಗಾ" ಅನ್ನುತ್ತಿದ್ದ, ಆಗುತ್ತಿರಲಿಲ್ಲ. ಹಾಗಾಗಿ ಒಂದು ಪದ್ಧತಿ ತಾನಾಗಿ ಬೆಳೆದಿತ್ತು: ಒಳಗಿರುವವರು ಹಾಡಬೇಕು. ಹಾಡು ನಿಂತಿತೋ, ಹೊರಗಿದ್ದವರು ಬಾಗಿಲು ದೂಡಿದರೆ ತಪ್ಪು ಹಾಡು ನಿಲ್ಲಿಸಿದವರದೇ.

ಎಲ್ಲರಿಗೂ ಹಾಡು ಎಲ್ಲಿ ಬರಬೇಕು ಹೇಳಿ! ನಮ್ಮ ಅಮ್ಮ ಭಜನೆ ಹೇಳುತ್ತಿದ್ದಳು. ತಲೆಗೆ ನೀರು ಹೊಯ್ದಾಗ ದೇವರ ಹೆಸರು ಗುಳುಗುಳು ಆಗುತ್ತಿತ್ತು. ನಾನು ಮಗ್ಗಿ ಹೇಳುತ್ತಿದ್ದೆ. ಎದುರು ಮನೆಯ ಕದಮರಿಗೆ ಎರಡೂ ಬಾರದು. ರೈಲ್ವೆಯಲ್ಲಿ ಕೆಲಸ, ಅವರು ಸ್ಟೇಷನ್ನುಗಳ ಹೆಸರು ಹೇಳುತ್ತಿದ್ದರು. ದಾದರ್ ಎಂದರೆ ಸೋಪು ಹಚ್ಚುತ್ತಿದ್ದಾರೆ, ಘಾಟ್ಕೋಪರ್ ಎಂದರೆ ಬೆನ್ನು ತಿಕ್ಕುತ್ತಿದ್ದಾರೆ, ಠಾಣೆ ಎಂದರೆ ಸ್ನಾನ ಮುಗಿಯಿತು ಎಂದು ಅರ್ಥ. "ಠಾಣೆ ಬಂತು, ಬಕೆಟ್ ಎತ್ತೋ" ಎಂದು ಅಪ್ಪ ನನ್ನನ್ನು ಎಬ್ಬಿಸುತ್ತಿದ್ದರು. ಚಳಿಗಾಲದಲ್ಲಿ ಮಾತ್ರ ಕದಮರು ಫಾಸ್ಟ್ ಲೋಕಲ್, ನಡುವಿನ ಸ್ಟೇಷನ್ನುಗಳಲ್ಲಿ ನಿಲ್ಲುತ್ತಿರಲಿಲ್ಲ.

ನಮ್ಮ ಜೊತೆಗಿದ್ದ ಸುಧಾಕರ ಚಿಕ್ಕಪ್ಪನದು ಬೇರೆಯೇ ಕಥೆ. ಉಡುಪಿ ಕಡೆಯವರ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಹೆಂಗಸರ ಎದುರು ಅವನ ಬಾಯಿಗೆ ಬೀಗ. ಚಿಲ್ಲರೆ ಕೊಡುವಾಗಲೂ ತಲೆ ಎತ್ತುವವನಲ್ಲ. ಬಚ್ಚಲು ಹೊಕ್ಕರೆ ಮಾತ್ರ ಯಕ್ಷಗಾನದ ಭಾಗವತ! ಪದ ಅವನದೇ ರಚನೆ, ಹೋಟೆಲಿನ ತಿಂಡಿಗಳ ಮೇಲೆ:

"ಬನ್ಸು ಬಿಸಿ... ಗೋಳಿಬಜೆ ಬಿಸಿಯಾ...
ಬಂದು ನೋಡು ಬಾರೆ ಸಖಿಯಾ..."

ಕತ್ತೆಯೂ ಕಿವಿ ಮುಚ್ಚಿಕೊಳ್ಳಬೇಕು, ಅಂಥ ರಾಗ. ಆದರೆ ಈ ಹಾಡು ಶುರುವಾದ ಕೂಡಲೇ ಪಕ್ಕದ ಮನೆಯ ಕಸ್ತೂರಿ ಗ್ಯಾಲರಿಗೆ ಬಟ್ಟೆ ಒಣಹಾಕಲು ಬರುತ್ತಿದ್ದಳು. ಅವಳ ಅಪ್ಪ ಬಸಪ್ಪನವರು ವಿಜಯಪುರದ ಕಡೆಯವರು, ಕಟ್ಟಡ ಕೂಲಿಗಳ ಮೇಲಿನ ಮುಕಾದಮರು, ಮಾತಾಡಿದರೆ ಗೋಡೆ ನಡುಗಬೇಕು. ಒಣಗಿದ ಬಟ್ಟೆಯನ್ನೇ ಕಸ್ತೂರಿ ಮತ್ತೆ ಒಣಹಾಕುತ್ತಾಳೆಂದು ಅಮ್ಮ ಮೊದಲು ಗಮನಿಸಿದಳು. ಚಿಕ್ಕಪ್ಪನನ್ನು ಕೇಳಿದರೆ ಅವನ ಕಿವಿ ಕೆಂಪಗಾಯಿತು.

ಅಷ್ಟರಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಕಸ್ತೂರಿಯನ್ನು ನೋಡಲು ಊರಿನಿಂದ ಗಂಡು ಬರುತ್ತಿದ್ದಾನೆ ಎಂಬುದು ಒಂದು. ಇನ್ನೊಂದು, ಮಾಲೀಕನಿಗೆ ಅದೇನು ಬುದ್ಧಿ ಬಂತೋ, ಬಚ್ಚಲಿಗೆ ಚಿಲಕ ಹಾಕಿಸಿಬಿಟ್ಟ. ಗಟ್ಟಿ ಹಿತ್ತಾಳೆಯದು.

ಮರುದಿನ ಬೆಳಿಗ್ಗೆ ಗ್ಯಾಲರಿಯಲ್ಲಿ ಸೂತಕದ ಮನೆಯ ಮೌನ. ಅಮ್ಮ ದೇವರನ್ನು ಬಿಟ್ಟಳು, ನಾನು ಮಗ್ಗಿ ಬಿಟ್ಟೆ, ಕದಮರ ರೈಲು ಹೊರಡಲೇ ಇಲ್ಲ. ಚಿಕ್ಕಪ್ಪ ಇಂಗು ತಿಂದ ಮಂಗನ ಹಾಗೆ ಬಕೆಟ್ ಹಿಡಿದು ನಿಂತಿದ್ದ. ಅವನಿಗೆ ಇದ್ದದ್ದೊಂದೇ ಬಾಯಿ, ಅದಕ್ಕೂ ಚಿಲಕ ಬಿದ್ದಿತ್ತಲ್ಲ! ನನಗೆ ಅಯ್ಯೋ ಅನ್ನಿಸಿತು. ಅವನು ಒಳಗೆ ಹೋದ. ಟಕ್ ಎಂದು ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ನೀರಿನ ಸದ್ದು. ಆಮೇಲೆ—

"ಬನ್ಸು ಬಿಸಿ... ಗೋಳಿಬಜೆ ಬಿಸಿಯಾ..."

ಆಗಷ್ಟೇ ಬಕೆಟ್ ಹಿಡಿದು ಸಾಲಿಗೆ ಬಂದವರು ಬಸಪ್ಪನವರು. ಬಾಗಿಲು ಗುದ್ದಿದರು.

"ಏ ಸುಧಾಕರಾ, ಚಿಲಕ ಹಾಕಿಲ್ಲೇನೋ?"

"ಹಾಕಿದ್ದೇನೆ."

"ಹಾಕಿ? ಮತ್ತ ಯಾಕ ಒದರಾಕತ್ತಿ?"

ಒಳಗೆ ಚೊಂಬು ಠಣ್ಣನೆ ಕೆಳಗೆ ಬಿತ್ತು. ಗ್ಯಾಲರಿಯವರೆಲ್ಲ ತಮ್ಮ ತಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಅವನು ಯಾಕೆ ಹಾಡುತ್ತಿದ್ದಾನೆಂದು ಎಲ್ಲರಿಗೂ ಗೊತ್ತಾಯಿತು, ಬಸಪ್ಪನವರೊಬ್ಬರನ್ನು ಬಿಟ್ಟು. ಆಗ ಹಗ್ಗದ ಮೇಲಿನ ಸೀರೆಯ ಹಿಂದಿನಿಂದ ಕಸ್ತೂರಿಯ ದನಿ ಬಂತು:

"ಅಲ್ರೀ, ದಿನಾ ಗೋಳಿಬಜಿ ಗೋಳಿಬಜಿ ಅಂತ ಹಾಡ್ತೀರಿ. ಒಂದಿನಾದ್ರೂ ತಂದು ಕೊಟ್ಟೀರೇನು?"

ಬಸಪ್ಪನವರು ಬಾಗಿಲನ್ನೊಮ್ಮೆ ನೋಡಿದರು, ಮಗಳನ್ನೊಮ್ಮೆ ನೋಡಿದರು. ಸ್ನಾನ ಮಾಡದೆಯೇ ಬಕೆಟ್ ಎತ್ತಿಕೊಂಡು ಮನೆಗೆ ಹೋದರು. ಆ ಸಂಜೆ ಚಿಕ್ಕಪ್ಪ ತಂದ ಪೊಟ್ಟಣವನ್ನು ಅಮ್ಮನೇ ಅವರ ಮನೆಗೆ ಒಯ್ದಳು. ಬಸಪ್ಪನವರು ಒಂದು ವಾರ ಸಿಡಿಮಿಡಿ ಅಂದರು, ಆದರೆ ಗೋಳಿಬಜೆಯನ್ನು ಒಂದು ದಿನವೂ ಬೇಡ ಅನ್ನಲಿಲ್ಲ. ಊರಿನ ಗಂಡಿಗೆ ಬರಬೇಡ ಎಂದು ಕೊನೆಗೆ ಅವರೇ ಫೋನು ಮಾಡಿದರು. "ಸುಳ್ಳ ಹೇಳಾಕ ಬರಾಂಗಿಲ್ಲ ಆ ಹುಡುಗಗ. ಚಿಲಕ ಹಾಕಿಲ್ಲ ಅಂದಿದ್ರ ಮುಗೀತಿತ್ತಲ್ಲ" ಎಂದು ಅಪ್ಪನ ಹತ್ತಿರ ಹೇಳಿದರಂತೆ. ಕಸ್ತೂರಿ ಚಿಕ್ಕಮ್ಮ ಈಗಲೂ ಮದುವೆ ಮನೆಗಳಲ್ಲಿ ಈ ಕಥೆ ಹೇಳಿ ಚಿಕ್ಕಪ್ಪನ ಕಿವಿ ಕೆಂಪು ಮಾಡಿಸುತ್ತಾಳೆ. ನನ್ನ ಹೆಂಡತಿಗಂತೂ ಅದು ಬಾಯಿಪಾಠ.

ಇವತ್ತು ಬೆಳಿಗ್ಗೆ ಹಕ್ಕಿ ತನ್ನ ಪಾಡಿಗೆ ಶುರುಮಾಡಿತ್ತು. ನಾನು ಬಚ್ಚಲಿಗೆ ಹೋದೆ. ಟೈಲ್ಸು, ಗೀಸರು, ಒಳ್ಳೆಯ ಚಿಲಕ, ಎಲ್ಲ ಇದೆ. ಮೈಮೇಲೆ ನೀರು ಬಿದ್ದದ್ದೇ ಏನೋ ಹುರುಪು ಬಂದು ಬಾಯಿ ತೆರೆದೆ. ಬಂದದ್ದು ಏಳರ ಮಗ್ಗಿ. ಗತಿಯಿಲ್ಲ, ನನಗೆ ಬರುವ ಹಾಡು ಅದೊಂದೇ. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಹೆಜ್ಜೆ ಸಪ್ಪಳ ಬಾಗಿಲ ಹತ್ತಿರ ಬಂತು.

"ಏನ್ರೀ, ಚಿಲಕ ಹಾಳಾಯ್ತಾ?"

"ಇಲ್ಲ ಮಾರಾಯ್ತಿ," ಎಂದೆ, "ಗಟ್ಟಿ ಉಂಟು."

ಹೆಜ್ಜೆ ಹಿಂದೆ ಹೋಗಲಿಲ್ಲ.

"ಮತ್ತೆ ಯಾಕೆ ನಿಲ್ಲಿಸಿದಿರಿ?" ಎಂದಳು.