ಸೇಡಿಗೆ ಕಿತ್ತ ಪ್ಲಗ್ಗು

ಕ್ಯಾಲಿಫೋರ್ನಿಯಾದ ಹೇವರ್ಡಿನ ಅಪಾರ್ಟ್‌ಮೆಂಟಲ್ಲಿ ನನ್ನ ಜೊತೆ ಇದ್ದೋನು ಮಂಡ್ಯ ಕಡೆಯೋನು, ನನಗಿಂತ ಮೂರು ವರ್ಷ ದೊಡ್ಡೋನು. ಅವನಿಗೆ ಎರಡು ಹುಚ್ಚು. ದೋಸೆ ಹಿಟ್ಟು ಮನೇಲೇ ರುಬ್ಬಬೇಕು. ಕಂಪ್ಯೂಟರಿಗೆ ಬೇಕಾದ ಪ್ರತಿಯೊಂದು ಪ್ರೋಗ್ರಾಮನ್ನೂ ಸೋರ್ಸ್ ಕೋಡ್ ಅನ್ನೋ ಕಚ್ಚಾ ಸಾಮಾನು ತಂದು ತಾನೇ ಕಂಪೈಲ್ ಮಾಡಿ ಕಟ್ಟಬೇಕು. ಅವನ ಮಾತು ಕೇಳಿ ನಾನೂ ಅವನದೇ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಂಡಿದ್ದೆ. ಆದ್ರೆ ನನ್ನ ಮಷೀನು ಮುದಿ, ನನಗೆ ತಾಳ್ಮೆ ಅನ್ನೋದೇ ಇಲ್ಲ. ಬೇರೆಯವರು ಕಂಪೈಲ್ ಮಾಡಿಟ್ಟ ರೆಡಿ ಪ್ಯಾಕೇಜ್ ಎತ್ತಿ ಹಾಕ್ಕೋತಿದ್ದೆ.

"ಇವ್ನು ಪ್ಯಾಕೆಟ್ ಹಿಟ್ಟಿನ ಇಂಜಿನಿಯರು," ಅಂತ ಹತ್ತಿರದ ಎಮರಿವಿಲ್ಲಲ್ಲಿದ್ದ ಹುಬ್ಳಿ ಕಡೆ ಅಕ್ಕನೊಬ್ಬರ ಮನೇಲಿ, ಎಲ್ಲರೂ ಒಂದೊಂದು ಅಡುಗೆ ತರೋ ಪಾಟ್‌ಲಕ್ಕಲ್ಲಿ, ಹದಿನೈದು ಜನರ ಮುಂದೆ ಅಂದುಬಿಟ್ಟ. ನಕ್ಕು ನಕ್ಕು ಒಬ್ಬರ ಮೂಗಿಂದ ಸಾರು ಬಂತು. ಇವನಿಗೊಂದು ಗತಿ ಕಾಣಿಸ್ತೀನಿ ಅಂತ ಅವತ್ತೇ ತೀರ್ಮಾನ ಮಾಡ್ದೆ.

ಅದೇ ಅಕ್ಕನ ತಂಗಿ ಮದುವೆ ಊರಲ್ಲಿ ಆಗಿತ್ತು. ವೀಸಾ ತೊಂದರೆಯಿಂದ ಇವರಿಗೆ ಹೋಗಕ್ಕಾಗಿರಲಿಲ್ಲ. ಮದುವೆ ವೀಡಿಯೋ ಸಿಡೀಲಿ ಬಂದಿತ್ತು, ಅವರ ಮನೇಲಿ ಯಾವುದರಲ್ಲೂ ಓಡ್ತಿರಲಿಲ್ಲ.

"ಭಾನುವಾರ ಮಧ್ಯಾಹ್ನ ಬನ್ನಿ ಅಕ್ಕ, ನನ್ನ ಮಷೀನಲ್ಲಿ ತೋರಿಸ್ತೀನಿ," ಅಂದೆ, ರೂಮ್‌ಮೇಟಿಗೂ ಕೇಳೋ ಹಾಗೆ. ಸಿಡಿ ಡ್ರೈವು, ಸ್ಪೀಕರು ಇದ್ದದ್ದು ನನ್ನ ಮಷೀನಿಗೆ ಮಾತ್ರ.

"ಹೋಳಗಿ ಮಾಡ್ಕೊಂಡು ಬರ್ತೀನಿ ತಮ್ಮಾ," ಅಂದ್ರು. "ಅಕಿ ತಲಿ ಮ್ಯಾಲೆ ಅಕ್ಷತಾ ಬೀಳೂದು ನೋಡಿದ್ರ ಸಾಕು ನನಗ."

ಶನಿವಾರ ವೀಡಿಯೋ ಪ್ಲೇಯರ್ ಪ್ಯಾಕೇಜನ್ನ, ನಾಚಿಕೆ ಬಿಟ್ಟು, ರೂಮ್‌ಮೇಟ್ ಹತ್ರಾನೇ ಕೇಳ್ದೆ. ತನ್ನ ಮಷೀನಲ್ಲಿ ಕಟ್ಟಿಟ್ಟಿದ್ದನ್ನ ಕೊಟ್ಟ. ಹಾಕಕ್ಕೆ ಹೋದ್ರೆ ಅರ್ಧಕ್ಕೇ ನಿಂತು, ಪ್ರೋಗ್ರಾಮುಗಳು ಹಂಚ್ಕೊಳ್ಳೋ ಲೈಬ್ರರಿ ಅನ್ನೋ ಫೈಲು, ಅದರ ಐದನೇ ನಂಬರಿಂದು ಬೇಕು ಅಂತು. ನನ್ನ ಹತ್ರ ಇದ್ದದ್ದು ನಾಲ್ಕನೇದು. ನಾನು ಮಹಾ ಬುದ್ಧಿವಂತ, ನಾಲ್ಕರ ಹೆಸರು ಅಳಿಸಿ ಐದು ಅಂತ ಇಟ್ಟೆ. ಇಡೀ ಸಿಸ್ಟಮ್ಮು ಆ ನಾಲ್ಕನ್ನೇ ನಂಬ್ಕೊಂಡು ನಿಂತಿದೆ ಅನ್ನೋದು ಆಮೇಲೆ ಹೊಳೀತು. ಯಾವ ಕಮಾಂಡ್ ಕೊಟ್ರೂ ಸತ್ತಿದೆ. ಹೆಸರು ವಾಪಸ್ ಬದಲಾಯಿಸೋಣ ಅಂದ್ರೆ ಆ ಕಮಾಂಡೂ ಸತ್ತಿದೆ. ರಿಪೇರಿ ಫ್ಲಾಪಿ ಹುಡುಕಿ ಅದನ್ನ ಎಬ್ಬಿಸೋ ಹೊತ್ತಿಗೆ ಸಂಜೆ.

ರೂಮ್‌ಮೇಟು ಬಾಗಿಲಿಗೆ ಒರಗಿ ಕಾಫಿ ಹೀರ್ತಾ ನೋಡ್ತಿದ್ದ. "ಪ್ಯಾಕೆಟ್ ಒಡೆಯೋಕೂ ಬರಕ್ಕಿಲ್ವೇನ್ಲಾ ನಿಂಗೆ?" ಅಂದ. ಆಮೇಲೆ ತನ್ನ ಮಷೀನಲ್ಲಿ ಏನೋ ಕಂಪೈಲಿಗೆ ಹಾಕಿ, ಮಾನಿಟರಿಗೆ 'ಮುಟ್ಟಬೇಡ' ಅಂತ ಚೀಟಿ ಅಂಟಿಸ್ದ.

ನನಗೆ ಖಾತ್ರಿ ಆಯ್ತು. ಬೇಕಂತಲೇ ಕೆಟ್ಟ ಪ್ಯಾಕೇಜ್ ಕೊಟ್ಟಿದ್ದಾನೆ, ನಾಳೆ ಅಕ್ಕನ ಮುಂದೆ ನನ್ನ ಮಾನ ಕಳೀತಾನೆ. ಭಾನುವಾರ ಬೆಳಗ್ಗೆ ಅವನು ಗ್ರೋಸರಿಗೆ ಅಂತ ಕಾರ್ ತೆಗೆದ. ಇನ್ನೂ ಓಡ್ತಾನೇ ಇದ್ದ ಅವನ ಮಷೀನಿನ ಪ್ಲಗ್ಗನ್ನ, ಹಲ್ಲು ಕೀಳೋ ಹಾಗೆ ಕಿತ್ತೆ. ಫ್ಯಾನು ಗೊರಗೊರ ಅಂತ ನಿಲ್ಲೋದನ್ನ ಕೂತು ಕೇಳ್ದೆ. ಎಂಥ ಸುಖ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸರದಿ ಮೇಲೆ ಕರೆಂಟ್ ತೆಗೀತಿದ್ರು, ಹಾಗಾಗಿ ಸುಳ್ಳೂ ರೆಡಿ ಇತ್ತು.

"ಕರೆಂಟ್ ಹೋಗಿತ್ತು ಗುರು," ಅಂದೆ ಅವನು ಬಂದಾಗ.

ಅವನು ಕಪ್ಪು ಮಾನಿಟರ್ ನೋಡ್ದ, ಅಡುಗೆಮನೆ ಕಡೆ ನೋಡ್ದ. ಕರೆಂಟ್ ಹೋಗಿ ಬಂದಾಗೆಲ್ಲ ನಮ್ಮ ಮೈಕ್ರೋವೇವಿನ ಗಡಿಯಾರ ಹನ್ನೆರಡು ಹನ್ನೆರಡು ಅಂತ ಮಿಣುಕ್ತಿತ್ತು. ಈಗ ಅದು ನೆಮ್ಮದಿಯಾಗಿ ಹನ್ನೊಂದೂ ನಲವತ್ತು ತೋರಿಸ್ತಿತ್ತು.

"ಆ ಪ್ಲೇಯರ್ನ ನಿನ್ ಮಷೀನಿಗೇ ಕಟ್ತಿದ್ದೆ ಕಣ್ಲಾ," ಅಂದ ಮೆತ್ತಗೆ. "ನಂದು ಹೊಸ ವರ್ಷನ್ನು, ನಿಂದು ಹಳೇದು. ನಂದು ನಿಂಗೆ ಕೂರಕ್ಕಿಲ್ಲ ಅಂತ ನಿನ್ನೆ ನೀನು ಒದ್ದಾಡೋವಾಗ ಗೊತ್ತಾಯ್ತು. ಅದಕ್ಕೇ ಹಳೇ ಲೈಬ್ರರಿ ಮೇಲೆ ಎಲ್ಲಾನೂ ಮತ್ತೆ ಕಟ್ತಿದ್ದೆ. ಇನ್ನರ್ಧ ಗಂಟೆ ಇತ್ತು."

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕಿಟಕೀಲಿ ನೋಡಿದ್ರೆ ಅಕ್ಕ, ಮಧ್ಯಾಹ್ನ ಆಗೋಕೆ ಮುಂಚೆನೇ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕೈಯಲ್ಲಿ ಹೋಳಿಗೆ ಡಬ್ಬಿ. ನನ್ನ ಕಥೆ ಮುಗೀತು ಅಂದ್ಕೊಂಡೆ. ರೂಮ್‌ಮೇಟು ಅಡುಗೆಮನೆಗೆ ಹೋಗಿ, ಮೈಕ್ರೋವೇವಿನ ಪ್ಲಗ್ಗು ಕಿತ್ತು, ಮತ್ತೆ ಸಿಗಿಸಿ, ಆಮೇಲೆ ಬಾಗಿಲು ತೆಗೆದ.

"ಕರೆಂಟ್ ಹೋಗಿತ್ತು ಅಕ್ಕ, ಗಡಿಯಾರ ನೋಡಿ. ಒಸಿ ತಡ ಆಯ್ತದೆ."

"ಹಂಗಾದ್ರ ಊಟಾನೂ ತಡ," ಅಂದ್ರು ಅಕ್ಕ. "ಅಕ್ಷತಾ ಬಿದ್ದ ಮ್ಯಾಲೇ ಹೋಳಗಿ." ಡಬ್ಬೀನ ತೊಡೆ ಮೇಲೆ ಇಟ್ಕೊಂಡು ಕೂತೇಬಿಟ್ರು.

ಪ್ಲಗ್ಗು ಕಿತ್ತಾಗ ಅರ್ಧಂಬರ್ಧ ಬರೆದ ಫೈಲುಗಳು ಕೆಟ್ಟಿದ್ವು. ಅವನ್ನ ಹುಡುಕಿ ಮತ್ತೆ ಕಟ್ಟಕ್ಕೆ ಐದು ಗಂಟೆ ಹಿಡೀತು. ಐದು ಗಂಟೆ ತುಪ್ಪದ ವಾಸನೆ ಕುಡ್ಕೊಂಡು ಕೂತಿದ್ದೆ. ಕೊನೆಗೆ ನನ್ನ ಮುದಿ ಮಷೀನಲ್ಲಿ ಶಹನಾಯಿ ಬಂತು, ಮದುಮಗಳು ಬಂದ್ಲು. ಅಕ್ಕ ಪರ್ಸಿಂದ ಅಕ್ಷತೆ ತೆಗೆದು ಮಾನಿಟರಿಗೆ ಹಾಕಿ ಅತ್ತರು. ಕಾಳೆಲ್ಲ ನನ್ನ ಕೀಬೋರ್ಡಿನ ಸಂದಿಗೆ ಇಳೀತು.

"ತಿನ್ಲಾ," ಅಂತ ರೂಮ್‌ಮೇಟು ನನ್ನ ತಟ್ಟೆಗೆ ಹೋಳಿಗೆ ಹಾಕ್ದ. "ಕರೆಂಟ್ ಹೋಗಿ ಸುಸ್ತಾಗಿರ್ತೀಯ."

ಸೇಡು ಅಂದ್ರೆ ಅದು. ಆ ಗಡಿಯಾರನ ಮತ್ತೆ ಸೆಟ್ ಮಾಡಕ್ಕೆ ಅವನು ಬಿಡಲೇ ಇಲ್ಲ. ಸಿಂಕಲ್ಲಿ ಪಾತ್ರೆ ತುಂಬಿದಾಗ ಅವನು ಮಿಣುಕ್ತಿರೋ ಹನ್ನೆರಡನ್ನ ಸುಮ್ನೆ ನೋಡ್ತಿದ್ದ. ನಾನು ಎದ್ದು ಹೋಗಿ ತೊಳೀತಿದ್ದೆ.