ಗಂಜಿ ಹಾಕಿದ ಕಂಬಳಿ

ಹೋದ ವಾರ ಮನೆಗೆ ಸುಣ್ಣ ಬಳಿಸಲೆಂದು ಅಟ್ಟ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಒಂದು ಕರಿ ಕಂಬಳಿ ಸಿಕ್ಕಿತು. ಬಿಚ್ಚಿದ್ದೇ ತಡ, ಕುರಿಯುಣ್ಣೆ ಮತ್ತು ಹುಣಸೆ ಬೀಜದ ಗಂಜಿಯ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದನ್ಯಾಕ್ರಿ ಇನ್ನೂ ಇಟ್ಕಂಡೀರಿ? ಹಲಗೆ ಇದ್ದಂಗೈತೆ" ಎಂದಳು. ಅದು ಎದುರು ಮನೆ ಅಕ್ಕ ಕೊಟ್ಟು ಹೋದ ಕಂಬಳಿ...

ಹಿರೇಗುಂಟನೂರಿನಲ್ಲಿ ನಮ್ಮದು ಮಗ್ಗದ ಮನೆ. ಅಪ್ಪ ಕಂಬಳಿ ನೇಯ್ದು, ಮಳೆ ನೀರು ಇಳಿಯದಂತೆ ಗಂಜಿ ಹಾಕಿ ಗಟ್ಟಿ ಮಾಡುತ್ತಿದ್ದ. ಅಕ್ಕ ಸಣ್ಣವಳಿದ್ದಾಗಲೇ ಅವಳ ಸೋದರಮಾವ ಮುಂಬೈಗೆ ಕರೆದುಕೊಂಡು ಹೋದ. ಅಲ್ಲಿ ಬ್ಯಾಲೆ ಕಲಿತಳು. ಹೊರದೇಶದ ತಂಡಗಳಲ್ಲಿ ಕುಣಿದಳು, ಆಮೇಲೆ ತಾನೇ ನೃತ್ಯ ಕಟ್ಟಿ ಬೇರೆಯವರನ್ನು ಕುಣಿಸಿದಳು. ಮಂಡಿ ಸವೆಯತೊಡಗಿದ ಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಪಾಳು ಕಟ್ಟಡಗಳಲ್ಲಿ ಹಗ್ಗ, ಬಟ್ಟೆ, ಮಡಕೆ, ಏನಾದರೊಂದನ್ನು ತೂಗುಹಾಕಿ ಜನ ಅದರ ನಡುವೆ ಓಡಾಡುವಂತೆ ಮಾಡುತ್ತಿದ್ದಳು. ಅದಕ್ಕೆ ಇನ್‌ಸ್ಟಲೇಶನ್ ಅನ್ನುತ್ತಾರಂತೆ. ಊರಿನವರಿಗೆ ಅದನ್ನು ವಿವರಿಸಲು ಹೋಗಿ ನಾನು ಸುಸ್ತಾಗಿದ್ದೆ. "ಅಂದ್ರೆ ಶಾಮಿಯಾನ ಹಾಕ್ತಾಳೇನಪ್ಪ?" ಎಂದು ಹೋಟೆಲಿನಲ್ಲಿ ಒಬ್ಬರು ಕೇಳಿದ್ದರು.

ಒಮ್ಮೆ ರಜೆಗೆ ಬಂದಾಗ ತನ್ನ ಕುಣಿಯುವ ಬೂಟು ತೋರಿಸಿದಳು. ತುದಿ ಕಲ್ಲಿನಂತೆ ಗಟ್ಟಿ. ಅಪ್ಪ ಮಗ್ಗ ನಿಲ್ಲಿಸಿ, ಬೂಟನ್ನು ಒತ್ತಿ ನೋಡಿ, ಮೂಸಿ, "ಇದಕ್ಕೂ ಗಂಜಿ ಹಾಕ್ಯಾರಲ್ಲಮ್ಮ!" ಎಂದ.

"ಹೂಂ ದೊಡ್ಡಪ್ಪ, ಬಟ್ಟೆ ಮೇಲೆ ಬಟ್ಟೆ, ನಡುವೆ ಅಂಟು. ಇಲ್ಲಾಂದ್ರೆ ಬೆರಳ ತುದಿ ಮೇಲೆ ನಿಲ್ಲಕ್ಕಾಗಲ್ಲ" ಎಂದು ಅಕ್ಕ ನಕ್ಕಳು. ಆವತ್ತಿನಿಂದ ಅಪ್ಪನಿಗೆ ಅವಳ ಮೇಲೆ ಬಲು ಗೌರವ. ನಮ್ಮದೇ ಕಸುಬಿನವಳು ಎಂಬಂತೆ ಮಾತಾಡುತ್ತಿದ್ದ.

ನಾನು ಭರಮಸಾಗರದಲ್ಲಿ ಮೇಷ್ಟ್ರಾದ ಮೇಲೆ ಒಂದು ದಿನ ಅವಳ ಫೋನ್ ಬಂತು. ಡಾಕ್ಟರು ಇನ್ನು ಕುಣಿಯಲೇಬಾರದು ಅಂದಿದ್ದರು. "ನಮ್ಮ ಕಡೆ ಜನ ನಾನು ಕುಣಿದಿದ್ದು ನೋಡೇ ಇಲ್ಲ ಕಣೋ. ಒಂದ್ಸಲ ದುರ್ಗದಾಗೆ ಕುಣಿದು ನಿಲ್ಲಿಸಿಬಿಡ್ತೀನಿ" ಎಂದಳು. ಅಲ್ಲೊಂದು ಮುಚ್ಚಿದ ಎಣ್ಣೆ ಗಿರಣಿ ಗೊತ್ತು ಮಾಡಿದ್ದಳು. ಅದರ ತೊಲೆಗಳಿಂದ ಅಪ್ಪ ನೇಯ್ದ ಇಪ್ಪತ್ತು ಕಂಬಳಿಗಳನ್ನು ಇಳಿಬಿಡುವುದು, ನಡುವೆ ಅವಳು ಕುಣಿಯುವುದು. ಕೊನೆಗೆ ಒಂದು ಕಂಬಳಿಯನ್ನು ಎಳೆದರೆ ಅದು ಸದ್ದಿಲ್ಲದೆ ಮೈಮೇಲೆ ಬಿದ್ದು, ಅವಳು ಅದರೊಳಗೆ ಕಾಣದಾಗಬೇಕು. ಅಲ್ಲಿಗೆ ಮುಗಿಯಿತು. "ಕಂಬಳಿ ಬೇಕಂತ ದೊಡ್ಡಪ್ಪಗೆ ಆಗಲೇ ಹೇಳಿ ಕಳಿಸೀನಿ. ಗಂಜಿ ಮಾತ್ರ ಬ್ಯಾಡ. ಮೆತ್ತಗಿರಬೇಕು. ದೊಡ್ಡಪ್ಪಗೆ ನೀನೇ ಬಿಡಿಸಿ ಹೇಳು."

ಶನಿವಾರ ಊರಿಗೆ ಹೋದರೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಎಷ್ಟೋ ವರ್ಷಗಳಾದ ಮೇಲೆ ಯಾರೋ ಒಟ್ಟಿಗೆ ಇಪ್ಪತ್ತು ಕಂಬಳಿ ಕೇಳಿದ್ದರು. ಅಪ್ಪನ ಮುಖದಲ್ಲಿ ಹಬ್ಬ. "ಆ ಹುಡುಗಿ ಬೂಟಿಗೇ ಅಷ್ಟು ಗಂಜಿ ಹಾಕ್ಕಂತಾಳೆ. ನಾನು ಕಂಬಳಿಗೆ ಕಡಿಮೆ ಹಾಕಿದ್ರೆ ಮರ್ಯಾದೆ ಇರ್ತೈತೇನಪ್ಪ?" ಎಂದ. ಗಂಜಿ ಹಾಕದ ಕಂಬಳಿಯನ್ನು ಅವನು ಜೀವಮಾನದಲ್ಲೇ ಹೊಸ್ತಿಲು ದಾಟಿಸಿದವನಲ್ಲ. ಹೇಳೋಣವೆಂದು ಬಾಯಿ ತೆರೆದೆ... ಮುಚ್ಚಿಕೊಂಡೆ. ತೂಗುಹಾಕುವ ಕಂಬಳಿ ತಾನೆ, ಯಾರು ಮುಟ್ಟಿ ನೋಡುತ್ತಾರೆ ಅಂದುಕೊಂಡೆ. ನನ್ನಂಥ ಹೇಡಿಗೆ ಅಷ್ಟು ನೆಪ ಸಾಕಾಯಿತು.

ಕಂಬಳಿಗಳು ಗಿರಣಿ ತಲುಪಿದ್ದು ಆಟದ ದಿನವೇ, ಅಪ್ಪನ ಜೊತೆ ಲಗೇಜ್ ಆಟೋದಲ್ಲಿ. ಅಲ್ಲಿಯವರೆಗೆ ಅಕ್ಕ ತನ್ನ ಮನೆಯ ಹಳೇ ಕಂಬಳಿಯಲ್ಲಿ ಅಭ್ಯಾಸ ಮಾಡಿದ್ದಳು. ಅದು ಹೊದ್ದೂ ಹೊದ್ದೂ ಮೆತ್ತಗಾಗಿತ್ತು. ಹೊಸದರ ಅಂಚು ಹಿಡಿದು ನೋಡಿದವಳ ಮುಖ ಇಳಿಯಿತು. ನನ್ನನ್ನು ಗೋಡೆಯ ಬದಿಗೆ ಕರೆದು, "ಹೇಳಿದ್ದಿಲ್ಲೇನೋ?" ಎಂದು ಕೇಳಿದಳು.

"ಹೇಳಿದ್ದೆ ಅಕ್ಕ. ಅಪ್ಪ ಕೇಳಲಿಲ್ಲ."

ಸುಳ್ಳು ಸಲೀಸಾಗಿ ಬಂತು. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಹೋಗ್ಲಿ ಬಿಡು, ದೊಡ್ಡಪ್ಪನ ಹತ್ರ ಏನೂ ಅನ್ನಬ್ಯಾಡ" ಎಂದಳು.

ಮಧ್ಯಾಹ್ನದ ಬಿಸಿಲು ಒಡೆದ ಹೆಂಚುಗಳಿಂದ ಒಳಗೆ ಬೀಳುತ್ತಿತ್ತು. ಅಕ್ಕ ಕುಣಿದಳು. ಅಷ್ಟು ವಯಸ್ಸಿನ, ಅಷ್ಟು ನೋವಿನ ಮೈ ಹಾಗೆ ಹಗುರಾಗುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕೊನೆಗೆ ಕಂಬಳಿ ಎಳೆದಳು. ಅದು ಬರ್‍ರನೆ ಸದ್ದು ಮಾಡುತ್ತ ಕೆಳಗೆ ಬಂದು, ಅವಳ ಮೇಲೆ ಬೀಳದೆ ಪಕ್ಕಕ್ಕೆ ಸೆಟೆದು ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಅವಳು ಮಂಡಿಯೂರಿ ಕುಳಿತು ಅದನ್ನು ತಾನೇ ಎಳೆದುಕೊಂಡಳು. ಹೊದೆಯಲು ಹೋದರೆ ಕಂಬಳಿ ಬಾಗಲಿಲ್ಲ, ಅವಳ ಅರ್ಧ ಮೈ ಹೊರಗೇ ಉಳಿಯಿತು. ಹಾಗೇ ಕುಳಿತಿದ್ದಳು... ಚಪ್ಪಾಳೆ ಬಿತ್ತು.

ಅಪ್ಪ ಮುಂದೆ ಹೋಗಿ, "ಹೆಂಗೈತಮ್ಮ? ಎಂಥ ಮಳೆ ಬಂದ್ರೂ ಒಂದ್ ಹನಿ ಒಳಗೆ ಇಳಿಯಲ್ಲ" ಎಂದ.

"ಇಂಥ ಕಂಬಳಿ ಎಲ್ಲೂ ಸಿಗಲ್ಲ ದೊಡ್ಡಪ್ಪ" ಎಂದು ಅವಳು ಅವನ ಕಾಲು ಮುಟ್ಟಿದಳು. ಏಳಲು ಇಬ್ಬರು ಕೈ ಹಿಡಿಯಬೇಕಾಯಿತು. ಮಾರನೆಯ ದಿನ ಬಸ್ಸು ಹತ್ತುವಾಗ ಆ ಒಂದು ಕಂಬಳಿಯನ್ನು ನನ್ನ ಕೈಗಿಟ್ಟು ಹೋದಳು. ಮತ್ತೆಂದೂ ಕುಣಿಯಲಿಲ್ಲ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಕ್ಕ ತೀರಿಕೊಂಡ ಸುದ್ದಿ ಹೋದ ವರ್ಷ ಯಾರದೋ ಫೋನಿನಿಂದ ನನ್ನ ಫೋನಿಗೆ ಬಂತು. ಎಷ್ಟೋ ಸಲ ಅವಳ ನಂಬರು ಒತ್ತಲು ಹೋಗಿ ಬಿಟ್ಟಿದ್ದೆ. ಒಂದೇ ಒಂದು ಮಾತು ಹೇಳುವುದಿತ್ತು.

ಸುಣ್ಣದ ಕೆಲಸ ಮುಗಿದ ಮೇಲೆ ಕಂಬಳಿಯನ್ನು ತೊಟ್ಟಿಯಲ್ಲಿ ನೆನೆಹಾಕಿ ತುಳಿದೆ. ನಾಲ್ಕು ನೀರಿನವರೆಗೂ ಗಂಜಿ ಬಿಡುತ್ತಲೇ ಇತ್ತು. ಎರಡು ದಿನ ಒಣಗಿಸಿ, ನಿನ್ನೆ ಸಂಜೆ ಪಡಸಾಲೆಯ ತೊಲೆಗೆ ಇಳಿಬಿಟ್ಟು ಅಂಚು ಹಿಡಿದು ಎಳೆದೆ. ಸದ್ದೇ ಆಗಲಿಲ್ಲ. ಮೆತ್ತಗೆ, ಅವಳು ಕೇಳಿದ್ದ ಹಾಗೆಯೇ, ನೆಲದ ಮೇಲೆ ಬಿತ್ತು.

"ಅಪ್ಪಗೆ ನಾನು ಹೇಳೇ ಇರ್ಲಿಲ್ಲ ಅಕ್ಕ" ಎಂದೆ.

ಕಂಬಳಿಯ ಕೆಳಗೆ ಯಾರೂ ಇರಲಿಲ್ಲ.